ಜಾನಪದ ಸರ್ಟಿಫಿಕೇಟ್: ಹಾಡು ಸಿಕ್ಕರಷ್ಟೇ ಸಾಲದು

ಜಾನಪದ ಸರ್ಟಿಫಿಕೇಟ್ ಕೋರ್ಸಿಗೆ ಸೇರುವವರೆಲ್ಲ ಕನ್ನಡ ಎಂ.ಎ. ವಿದ್ಯಾರ್ಥಿಗಳೇನಲ್ಲ. ಶಾಲಾ ಮೇಷ್ಟರು, ನಿವೃತ್ತರು, ಪತ್ರಕರ್ತರು, ಅಜ್ಜಿಯಿಂದ ಸೋಬಾನೆ ಕಲಿತ ಗೃಹಿಣಿಯರು, ಡೊಳ್ಳು ಬಾರಿಸುವವರೂ ಬರುತ್ತಾರೆ. ಕಾಲೇಜಿನಲ್ಲಿ ಪಾಠ ಹೇಳುವ ಆಸೆಯಿದ್ದವರಿಗೆ ಮಾತ್ರ ಇಷ್ಟು ಸಾಲದು. ಕಾಲೇಜು ಅಧ್ಯಾಪಕರ ಅರ್ಹತೆಗೆ ನಡೆಯುವ ನೆಟ್ ಪರೀಕ್ಷೆಯಲ್ಲಿ ಜನಪದ ಸಾಹಿತ್ಯವೂ ಒಂದು ವಿಷಯ, ಆದರೆ ಅಧ್ಯಾಪಕರಾಗಲು ಸ್ನಾತಕೋತ್ತರ ಪದವಿಯೂ ಬೇಕು.

ವಿಚಾರಿಸಲು ಮೊದಲ ವಿಳಾಸ ಹಾವೇರಿ ಜಿಲ್ಲೆ ಗೊಟಗೋಡಿಯ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ; 2011ರಲ್ಲಿ ಈ ವಿಷಯಕ್ಕೆಂದೇ ಹುಟ್ಟಿದ್ದು. ಎಲ್ಲಿಗೇ ಅರ್ಜಿ ಹಾಕಿ, ಆ ವರ್ಷದ ಪ್ರಕಟಣೆಯಲ್ಲಿ ಕನಿಷ್ಠ ವಿದ್ಯಾರ್ಹತೆ, ತರಗತಿಗೆ ಹಾಜರಿ ಬೇಕೇ, ಕ್ಷೇತ್ರಕಾರ್ಯದ (ಊರಿಗೇ ಹೋಗಿ ಹಾಡು ಸಂಗ್ರಹಿಸುವ ಕೆಲಸದ) ವರದಿಗೆ ಅಂಕವೆಷ್ಟು ಎಂದು ನೋಡಿಕೊಳ್ಳಿ. ಪಠ್ಯ ಓದಿ ಪರೀಕ್ಷೆ ಬರೆಯುವುದು ಕಷ್ಟವಲ್ಲ. ಎಡವುವುದು ವರದಿಯಲ್ಲಿ.

ಮೊದಲನೆಯದು ವಿಷಯ. ‘ನಮ್ಮ ಜಿಲ್ಲೆಯ ಜಾನಪದ’ ಎಂದು ಹೊರಟರೆ ಮುಗಿಯುವುದಿಲ್ಲ. ಒಂದೂರಿನ ಇಬ್ಬರು ಹೆಂಗಸರ ಬೀಸುವ ಪದ, ಅಂದರೆ ಬೀಸುಕಲ್ಲಿನ ಹಾಡು, ಸಾಕು; ಹತ್ತು ಹದಿನೈದು ಪದ ಸಿಕ್ಕರೆ ವರದಿಗೆ ಬೇಕಾದಷ್ಟಾಯಿತು.

ಹೋಗುವ ಹೊತ್ತೂ ಮುಖ್ಯ. ಬಿತ್ತನೆ, ಕಟಾವಿನ ದಿನ ಯಾರಿಗೂ ಪುರುಸೊತ್ತಿರುವುದಿಲ್ಲ. ದೀಪ ಹಿಡಿದು ಮನೆಮನೆಗೆ ಹೋಗಿ ಹಾಡುವ ಮಲೆನಾಡಿನ ಅಂಟಿಗೆ-ಪಂಟಿಗೆ ಬೇಕೆಂದರೆ ದೀಪಾವಳಿಯ ರಾತ್ರಿಗೇ ಕಾಯಬೇಕು. ಬೇರೆ ದಿನ ಹಾಡಿಸಿದರೆ ತಪ್ಪೇನಿಲ್ಲ, ‘ಕೇಳಿಕೆಯ ಮೇರೆಗೆ ಹಾಡಿದ್ದು’ ಎಂದು ಬರೆದಿಡಿ. ಸಾವಿನ ಹಾಡನ್ನು ಮನೆಯೊಳಗೆ ಹಾಡಿಸಲು ಒತ್ತಾಯಿಸಬೇಡಿ. ಅಶುಭವೆಂದು ಅವರು ಹಿಂಜರಿದರೆ ಅಲ್ಲಿಗೇ ಬಿಡಿ.

ಧ್ವನಿಮುದ್ರಣಕ್ಕೆ ಫೋನ್ ಸಾಕು. ಫ್ಲೈಟ್ ಮೋಡ್‌ಗೆ ಹಾಕಿ, ಫ್ಯಾನ್ ಆರಿಸಿ, ಒಂದು ನಿಮಿಷ ಮುದ್ರಿಸಿ ಕೇಳಿ ನೋಡಿ, ಆಮೇಲೆ ಶುರುಮಾಡಿ. ಒಂದೇ ಚಾನೆಲ್‌ನ ವೇವ್ (WAV) ಕಡತ ಗಂಟೆಗೆ ಸುಮಾರು 300 ಎಂಬಿ ತಿನ್ನುತ್ತದೆ, ಜಾಗ ಮೊದಲೇ ಖಾಲಿ ಮಾಡಿಕೊಳ್ಳಿ. ದಿನಾಂಕ, ಊರು, ವಕ್ತೃವಿನ (ಹಾಡುವವರ) ಹೆಸರು, ಒಪ್ಪಿಗೆ ಇವೆಲ್ಲ ಅದೇ ಮುದ್ರಣದ ಆರಂಭದಲ್ಲಿರಲಿ.

‘ನಿಧಾನಕ್ಕೆ ಬಿಡಿಸಿ ಹೇಳಮ್ಮ, ಬರ್ಕೋತೀನಿ’ ಅನ್ನುವುದೇ ದೊಡ್ಡ ತಪ್ಪು. ಮುಂದಿನ ಸಾಲು ನೆನಪಾಗುವುದು ಧಾಟಿಯಿಂದ. ತಡೆದರೆ ಸೊಲ್ಲು ಬಿದ್ದುಹೋಗುತ್ತದೆ, ಸಾಲು ಹಿಂದುಮುಂದಾಗುತ್ತದೆ. ಒಬ್ಬರೇ ತಡವರಿಸುತ್ತಿದ್ದರೆ ಜೊತೆಗೆ ಹಾಡುತ್ತಿದ್ದವರನ್ನು ಕರೆಸಿ. ಮೂಲೆಯ ಬೀಸುಕಲ್ಲನ್ನು ಎಳೆದು ತಂದು ಗೂಟ ಹಿಡಿಸಿದರೆ ಮರೆತ ಪದ ತಾನಾಗಿ ಬರುವುದುಂಟು.

ಲಿಪ್ಯಂತರಕ್ಕೆ ತಾಳ್ಮೆ ಬೇಕು. ಒಂದು ಗಂಟೆಯ ಹಾಡಿಗೆ ಒಂದಿಡೀ ದಿನ ಇಟ್ಟುಕೊಳ್ಳಿ. ಹಳೇ ಮೈಸೂರು ಕಡೆಯವರು ‘ಆಲು’ ಅಂದದ್ದನ್ನು ‘ಹಾಲು’ ಎಂದು ತಿದ್ದಬೇಡಿ, ಅರ್ಥ ಅಡಿಟಿಪ್ಪಣಿಗೆ ಹೋಗಲಿ. ಬರಹದ ತ್ರಿಪದಿಗೆ ಮೂರೇ ಸಾಲು. ಹಾಡಿನಲ್ಲಿ ಎರಡನೆಯ ಸಾಲು ಮರುಕಳಿಸಿ ಸಾಮಾನ್ಯವಾಗಿ ನಾಲ್ಕರಂತೆ ಕೇಳಿಸುತ್ತದೆ. ಮರುಕಳಿಕೆ ಎಲ್ಲೆಂದು ಗುರುತು ಹಾಕದಿದ್ದರೆ ಪದ ಉಳಿಯುತ್ತದೆ, ಹಾಡುವ ಬಗೆ ಹೋಗುತ್ತದೆ.

ಕೊನೆಗೆ ವಿಶ್ಲೇಷಣೆ. ಅದೇ ಹಾಡಿನ ಅಚ್ಚಾದ ಎರಡು ರೂಪ ಹುಡುಕಿ ಪಕ್ಕಪಕ್ಕ ಇಟ್ಟು, ವ್ಯತ್ಯಾಸ ಎಲ್ಲೆಲ್ಲಿ ಎಂದು ಬರೆಯಿರಿ. ‘ಜನಪದರ ಮುಗ್ಧತೆ’ಯ ಬಗ್ಗೆ ನಾಲ್ಕು ಪುಟ ತುಂಬಿಸುವುದಕ್ಕಿಂತ ಇದು ಮೇಲು. ಜನಪದ ಎಂದರೆ ಜನ, ಜಾನಪದ ಎಂದರೆ ಅವರ ಅರಿವಿನ ಅಧ್ಯಯನ. ವರದಿಯುದ್ದಕ್ಕೂ ಇವೆರಡನ್ನು ಬೆರೆಸಬೇಡಿ. ಸಲ್ಲಿಸುವ ಮುನ್ನ ಒಂದು ಪ್ರತಿಯನ್ನು ಹಾಡಿದವರ ಮನೆಗೆ ಒಯ್ದು ಓದಿ ಹೇಳಿ. ತಪ್ಪಾಗಿ ಕೇಳಿಸಿಕೊಂಡ ಊರ ಹೆಸರು, ಗಿಡದ ಹೆಸರು ಅವರ ಬಾಯಲ್ಲೇ ಸರಿಯಾಗುತ್ತದೆ.