ಬ್ಯಾಂಕಾಕಿನ ಮೊದಲ ದಿನ: ಏಳನೇ ನಂಬರ್ ಎಲ್ಲಿ?

ನಾವು ಹನ್ನೆರಡು ಜನ. ಐವರಿಗೆ ಅರವತ್ತು ದಾಟಿದೆ, ಇಬ್ಬರು ಮಕ್ಕಳು. ಸಾಗರದಿಂದ ಹೊರಟ ಮನೆಮಂದಿಯನ್ನೆಲ್ಲ ಬ್ಯಾಂಕಾಕ್ ಸುತ್ತಿಸುವ ಕೆಲಸ ನನ್ನ ತಲೆಗೆ ಬಿತ್ತು. ಮೊದಲ ದಿನಕ್ಕೇ ಐದು ಜಾಗ ಬರೆದಿಟ್ಟುಕೊಂಡಿದ್ದೆ. ನೋಡಿದ್ದು ಎರಡು.

ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಎಂಟಕ್ಕೆ ಹೊರಡೋಣ ಅಂದರೆ ನಮ್ಮ ಮೈಗೆ ಅದು ಆರೂವರೆ. ಹಾಗಾಗಿ ಹೊರಟಿದ್ದು ಒಂಬತ್ತೂವರೆಗೆ. ಎಲ್ಲರಿಗೂ ಒಂದೊಂದು ನಂಬರ್ ಕೊಟ್ಟಿದ್ದೆ. ನಾನು "ಎಣಿಕೆ" ಅಂದ ಕೂಡಲೇ ಒಂದರಿಂದ ಹನ್ನೆರಡರವರೆಗೆ ಕೂಗಬೇಕು. ಮಕ್ಕಳಿಗೆ ಆಟ, ನನಗೆ ನೆಮ್ಮದಿ.

ವ್ಯಾನ್ ಬೇಡ ಅಂತ ಸಾಥೋರ್ನ್ ದೋಣಿಕಟ್ಟೆಯಿಂದ ಚಾವೊ ಫ್ರಯಾ ನದಿಯಲ್ಲಿ ಕಿತ್ತಳೆ ಬಾವುಟದ ದೋಣಿ ಹತ್ತಿದೆವು. ಟ್ರಾಫಿಕ್ ಕಾಟ ಇಲ್ಲ. ಆದರೆ ದೋಣಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಗಟ್ಟಿಮುಟ್ಟಾದ ಇಬ್ಬರು ಮೊದಲು ಇಳಿದು ಉಳಿದವರನ್ನು ಕೈಹಿಡಿದು ಇಳಿಸಬೇಕು, ಇಬ್ಬರು ಕೊನೆಯಲ್ಲಿರಬೇಕು. ಥಾ ಚಾಂಗ್ ಕಟ್ಟೆಯಲ್ಲಿ ಹಾಗೇ ಇಳಿದೆವು.

ಮೊದಲ ಜಾಗ ಗ್ರ್ಯಾಂಡ್ ಪ್ಯಾಲೆಸ್, ಅಲ್ಲಿನ ರಾಜರ ಅರಮನೆ. ಅದರ ಗೋಡೆ ಪಕ್ಕ ಇಸ್ತ್ರಿ ಶರ್ಟಿನವನೊಬ್ಬ ಸಿಕ್ಕಿದ. ಇವತ್ತು ಮಧ್ಯಾಹ್ನದವರೆಗೆ ಅರಮನೆ ಬಂದ್, ತುಕ್‌ತುಕ್‌ನಲ್ಲಿ ಬೇರೆ ದೇವಸ್ಥಾನ ತೋರಿಸ್ತೀನಿ ಅಂದ. ಇದು ಅಲ್ಲಿನ ಹಳೇ ಮೋಸ. ಮಾತಾಡದೆ ಮುಂದೆ ನಡೆದೆವು, ಬಾಗಿಲು ತೆರೆದೇ ಇತ್ತು. ಚಡ್ಡಿಯಲ್ಲಿದ್ದ ತಮ್ಮನನ್ನು ಮಾತ್ರ ಒಳಗೆ ಬಿಡಲಿಲ್ಲ. ಎದುರಿನ ಅಂಗಡಿಯಲ್ಲಿ ಆನೆ ಚಿತ್ರದ ತೆಳು ಪ್ಯಾಂಟ್ ಕೊಂಡು ಹಾಕಿಕೊಂಡ. ಸೀರೆಯುಟ್ಟವರನ್ನು ಯಾರೂ ಏನೂ ಕೇಳಲಿಲ್ಲ.

1782ರಲ್ಲಿ ಕಟ್ಟಲು ಶುರು ಮಾಡಿದ ಅರಮನೆ. ಟಿಕೆಟ್ 500 ಬಾತ್. ಹಸಿರು ಕಲ್ಲಿನ ಬುದ್ಧನನ್ನು ನೋಡಿ ಹೊರಬಂದು "ಎಣಿಕೆ" ಅಂದೆ. ಆರರ ನಂತರ ಎಂಟು. ಏಳು ದೊಡ್ಡಮ್ಮ.

ಎದೆ ಧಸಕ್ ಅಂತು. ಹತ್ತು ನಿಮಿಷ ಹುಡುಕಿದ ಮೇಲೆ ಸುತ್ತಿನ ಮೊಗಸಾಲೆಯಲ್ಲಿ ಸಿಕ್ಕಿದರು. ಆ ಗೋಡೆಯುದ್ದಕ್ಕೂ ರಾಮಕಿಯೆನ್, ಅಂದರೆ ಥಾಯ್ ರಾಮಾಯಣ, 178 ಚಿತ್ರಗಳಲ್ಲಿದೆ. ದೊಡ್ಡಮ್ಮ ಒಂದರ ಮುಂದೆ ಕನ್ನಡಕ ಏರಿಸಿಕೊಂಡು ನಿಂತಿದ್ದರು. ಬೆಟ್ಟದಷ್ಟು ಬೆಳೆದ ಬಿಳಿ ಹನುಮಂತ, ಬಾಯೊಳಗೆ ಒಂದು ಪುಟ್ಟ ಮಂಟಪ, ಅದರಲ್ಲಿ ರಾಮ.

"ಮೈರಾವಣ ಬರ್ತಾನೆ ಅಂತ ಕಾಯ್ತಿದಾನೆ ಕಣೋ! ಆಟದಲ್ಲಿ ಬಾಲದಿಂದ ಕೋಟೆ ಕಟ್ತಾನೆ, ಇಲ್ಲಿ ಬಾಯಲ್ಲೇ ಇಟ್ಕೊಂಡಿದಾನೆ."

ಯಕ್ಷಗಾನದ ಮೈರಾವಣ ಕಾಳಗ ಅವರು ಎಷ್ಟು ಸಲ ನೋಡಿದ್ದರೋ! ಥಾಯ್ ಕಥೆಯಲ್ಲಿ ಅವನ ಹೆಸರು ಮೈಯರಾಪ್, ರಾವಣ ಥೋಟ್ಸಕನ್, ಅಂದರೆ ದಶಕಂಠ. ಇಲ್ಲಿನ ಹನುಮಂತನಿಗೆ ರಾವಣನ ಮಗಳಾದ ಮತ್ಸ್ಯಕನ್ಯೆಯ ಜೊತೆ ಪ್ರೇಮ ಅಂತ ಬಾಯ್ತಪ್ಪಿ ಹೇಳಿಬಿಟ್ಟೆ. "ಬ್ರಹ್ಮಚಾರಿಗೆ ಇದೆಂಥದ್ದೋ!" ಅಂದರು. ಅಲ್ಲಿಂದ ಕದಲಲಿಲ್ಲ. ಉಳಿದವರೂ ಬಂದು ಸುತ್ತ ನಿಂತರು. ದೊಡ್ಡಮ್ಮ ಒಂದೊಂದೇ ಚಿತ್ರದ ಕಥೆ ಬಿಡಿಸುತ್ತ ಹೋದರು. ನನ್ನ ಪಟ್ಟಿ ಜೇಬಿಗೆ ಹೋಯಿತು.

ಊಟಕ್ಕೆ ಹಳದಿ ಬೋರ್ಡಿನಲ್ಲಿ ಕೆಂಪಕ್ಷರ ಇರುವ 'ಜೇ' ಅಂಗಡಿ, ಅಂದರೆ ಅಪ್ಪಟ ಸಸ್ಯಾಹಾರದ್ದು, ಹುಡುಕಿ. ಬರೀ 'ವೆಜ್' ಅಂದರೆ ಮೀನಿನ ಸಾಸ್ ಬಿದ್ದೇ ಬೀಳುತ್ತದೆ. 'ಜೇ'ಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ದೊಡ್ಡಮ್ಮನಿಗೆ ಹೇಳಿ ಮಾಡಿಸಿದ ಊಟ.

ಆಮೇಲೆ ವಾಟ್ ಫೋ ದೇವಸ್ಥಾನ. ಮಲಗಿದ ಬುದ್ಧ 46 ಮೀಟರ್ ಉದ್ದ. ಬೆನ್ನ ಹಿಂದೆ 108 ಕಂಚಿನ ಬಟ್ಟಲು ಸಾಲಾಗಿವೆ, ಒಂದೊಂದಕ್ಕೆ ಒಂದು ನಾಣ್ಯ. ಟಣ್, ಟಣ್ ಅಂತ ಇಡೀ ಮಂದಿರ ಮೊಳಗುತ್ತದೆ. ಮಕ್ಕಳು ಎರಡು ಸುತ್ತು ಹಾಕಿದರು.

ಪಟ್ಟಿಯಲ್ಲಿದ್ದ ವಾಟ್ ಅರುಣ್ ದೇವಸ್ಥಾನ ನದಿಯ ಆಚೆ ದಡದಲ್ಲೇ ಉಳಿಯಿತು. ಸಂಜೆ ದೋಣಿಕಟ್ಟೆಯಲ್ಲಿ ಕಾಲು ಚಾಚಿ ಕೂತು ಅದನ್ನು ದೂರದಿಂದಲೇ ನೋಡಿದೆವು. ದೊಡ್ಡಮ್ಮ ಮೆಲ್ಲಗೆ ಕೇಳಿದರು: "ನಾಳೆ ಆ ಗೋಡೆ ಹತ್ರ ಇನ್ನೊಂದ್ಸಲ ಹೋಗಬಹುದಾ? ಲಂಕೆಗೆ ಬೆಂಕಿ ಹಚ್ಚಿದ್ದು ನೋಡ್ಲೇ ಇಲ್ಲ."

ಟಿಕೆಟ್ ಮತ್ತೆ ತಗೋಬೇಕು ಅಂತ ನಾನು ಹೇಳಲಿಲ್ಲ.