ಕೆರೆಯ ಈಜು ಹೊಳೆಗೆ ಸಾಲದು: ಮನೆಮಂದಿಯೊಂದಿಗೆ ಕಾಳಿ ನದಿಯಲ್ಲಿ ರಾಫ್ಟಿಂಗ್, ಟೆಂಟ್ ವಾಸ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಮಕ್ಕಳು ಈಜು ಕಲಿಯುವುದು ಬಾವಿ, ಕಲ್ಯಾಣಿ, ಕೆರೆಗಳಲ್ಲಿ, ಈಚೆಗೆ ಈಜುಕೊಳಗಳಲ್ಲಿ. ಉತ್ತರ ಪಿನಾಕಿನಿ, ಚಿತ್ರಾವತಿ, ಜಯಮಂಗಲಿ ಎಲ್ಲವೂ ನಮ್ಮ ಬೆಟ್ಟಗಳಲ್ಲೇ ಹುಟ್ಟಿದರೂ ವರ್ಷದ ಬಹುಪಾಲು ಅವುಗಳಲ್ಲಿ ಕಾಣುವುದು ಬರೀ ಮರಳು. ಹೀಗಾಗಿ ನಮ್ಮವರಿಗೆ ನಿಂತ ನೀರಿನ ಅಭ್ಯಾಸವಿದೆ, ಓಡುವ ನೀರಿನದಿಲ್ಲ. ಕೆರೆಯಲ್ಲಿ ಕಾಲಿಗೆ ನೆಲ ಸಿಕ್ಕರೆ ಬದುಕಿದೆವು ಅಂತ ಅರ್ಥ. ಹೊಳೆಯ ಸೆಳವಿನಲ್ಲಿ ನೆಲಕ್ಕೆ ಕಾಲು ಕೊಡುವುದೇ ಅಪಾಯ. ಪಾದ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡರೆ ಹಿಂದಿನಿಂದ ಬರುವ ನೀರು ಮೈಯನ್ನು ಮುಂದಕ್ಕೆ ಮಗುಚುತ್ತದೆ. ಮತ್ತೆ ತಲೆ ಎತ್ತಲು ಬಿಡುವುದಿಲ್ಲ. ತೊಡೆಮಟ್ಟದ ನೀರಿನಲ್ಲೂ ಹೀಗಾಗುತ್ತದೆ. ಮನೆಯವರೆಲ್ಲ ಹೊರಡುವ ಮೊದಲು ಈ ಒಂದು ವಿಷಯ ಎಲ್ಲರ ತಲೆಗೂ ಹೋಗಿರಬೇಕು.

ಮಕ್ಕಳಿರುವ ಕುಟುಂಬದ ಮೊದಲ ಪ್ರವಾಸಕ್ಕೆ ದಾಂಡೇಲಿ ಬಳಿಯ ಗಣೇಶಗುಡಿ ಸೂಕ್ತ. ಅಲ್ಲಿ ಕಾಳಿ ನದಿಯ ನೀರು ಸೂಪಾ ಅಣೆಕಟ್ಟೆಯಿಂದ ಬರುತ್ತದೆ. ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ ರಾಫ್ಟ್ (ಗಾಳಿ ತುಂಬಿದ ರಬ್ಬರ್ ದೋಣಿ) ಓಡುತ್ತದೆ, ಬಿಡದಿದ್ದರೆ ಇಲ್ಲ. ಅದಕ್ಕೇ ಬೇಸಿಗೆಯಲ್ಲೂ ಇಲ್ಲಿ ರಾಫ್ಟಿಂಗ್ ಸಾಧ್ಯ. ಜೋರು ಮಳೆಗಾಲದಲ್ಲಿ ನಿಲ್ಲಿಸುತ್ತಾರೆ. ಕೊಡಗಿನ ಬರಪೊಳೆ, ಆಗುಂಬೆ ತಪ್ಪಲಿನ ಸೀತಾ ನದಿ ಇದಕ್ಕೆ ಉಲ್ಟಾ, ಮಳೆ ಬಂದರೆ ಮಾತ್ರ ತುಂಬುತ್ತವೆ. ರಭಸ ದಿನದಿಂದ ದಿನಕ್ಕೆ ಬದಲಾಗುವ ಅಂಥ ಹೊಳೆಗಳಿಗೆ ಮಕ್ಕಳನ್ನು ಮೊದಲ ಸಲವೇ ಕರೆದೊಯ್ಯಬೇಡಿ.

ಹೊಳೆಯ ರಭಸವನ್ನು 1ರಿಂದ 6ರವರೆಗೆ ದರ್ಜೆಗಳಲ್ಲಿ ಅಳೆಯುತ್ತಾರೆ, 6 ಅಂದರೆ ಅತಿ ಜೋರು. ಚಿಕ್ಕ ಮಕ್ಕಳಿಗೆ 1, 2 ಸಾಕು. 3ನೇ ದರ್ಜೆಯ ರಭಸ ಹೈಸ್ಕೂಲು ದಾಟಿದವರಿಗೆ. ಕಾಳಿಯಲ್ಲಿ ಉದ್ದದ ಸುತ್ತು, ಚಿಕ್ಕ ಸುತ್ತು ಇವುಗಳಲ್ಲಿ ಈಗ ಯಾವುದು ನಡೆಯುತ್ತಿದೆ, ಕನಿಷ್ಠ ವಯಸ್ಸು ಎಷ್ಟು, ಮಕ್ಕಳ ಅಳತೆಯ ಲೈಫ್ ಜಾಕೆಟ್ ಮತ್ತು ಹೆಲ್ಮೆಟ್ ಇವೆಯೇ, ಜೊತೆಗೆ ರಕ್ಷಣಾ ಕಯಾಕ್ (ಒಬ್ಬರೇ ಹುಟ್ಟು ಹಾಕುವ ಸಣ್ಣ ದೋಣಿ) ಬರುತ್ತದೆಯೇ, ಒಂದು ರಾಫ್ಟಿಗೆ ಎಷ್ಟು ಜನ ಎಂದು ಹಣ ಕಟ್ಟುವ ಮೊದಲೇ ಕೇಳಿ. ಆರೆಂಟು ಜನರ ರಾಫ್ಟಿಗೆ ಹನ್ನೆರಡು ಜನರನ್ನು ತುಂಬುತ್ತಿದ್ದರೆ ಹತ್ತಬೇಡಿ. ತೂಕ ಹೆಚ್ಚಾದ ರಾಫ್ಟ್ ತಿರುಗಿಸಿದಲ್ಲಿ ತಿರುಗುವುದಿಲ್ಲ, ಬಂಡೆಗೆ ಒರಗಿಕೊಂಡರೆ ಬಿಡಿಸಿಕೊಳ್ಳುವುದೂ ಕಷ್ಟ. ಕೊಟ್ಟ ದುಡ್ಡು ಹೋದರೆ ಹೋಗಲಿ.

ತುಮಕೂರಿನಿಂದ ದಾಂಡೇಲಿ ಸುಮಾರು 400 ಕಿ.ಮೀ. ಸಿರಾ, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಧಾರವಾಡ, ಹಳಿಯಾಳದ ಮೇಲೆ ಹೋಗಬೇಕು. ಚಿಕ್ಕಬಳ್ಳಾಪುರ, ಕೋಲಾರದವರು ಬೆಂಗಳೂರಿನ ಟ್ರಾಫಿಕ್ಕಿಗೆ ಇಳಿಯದೆ ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಮೂಲಕ ಹೆದ್ದಾರಿ ಸೇರಿದರೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ದಾರಿಯಲ್ಲೇ ಸಿಗುತ್ತದೆ. ಮೂರು ದಿನ ಇಟ್ಟುಕೊಳ್ಳಿ: ಮೊದಲ ದಿನ ಪ್ರಯಾಣ, ಎರಡನೇ ದಿನ ಹೊಳೆ, ಮೂರನೇ ದಿನ ವಾಪಸು. ರಾತ್ರಿಯಿಡೀ ಗಾಡಿ ಓಡಿಸಿ ಬೆಳಿಗ್ಗೆಯೇ ರಾಫ್ಟ್ ಹತ್ತುವುದು ಬೇಡ. ನಿದ್ದೆಗೆಟ್ಟವರಿಗೆ ಗೈಡ್ ಕೂಗಿದ್ದು ಕಿವಿಗೆ ಬಿದ್ದರೂ ಕೈ ಆಡುವುದು ತಡವಾಗುತ್ತದೆ.

ಊರಲ್ಲೇ ಮಾಡಬೇಕಾದ ಅಭ್ಯಾಸ

ಇದಕ್ಕೆ ಈಜುಕೊಳಕ್ಕೇ ಹೋಗಿ. ಕೋಲಾರದ ಕೆರೆಗಳಿಗೆ ಬೆಂಗಳೂರಿನ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿಯಿಂದ ಬರುತ್ತಿರುವುದು ಅಂತರ್ಜಲ ಹೆಚ್ಚಿಸಲು ಬಿಟ್ಟ ಸಂಸ್ಕರಿಸಿದ ಕೊಳಚೆ ನೀರು, ಈಜಲು ಅಲ್ಲ. ಹೂಳೆತ್ತಿದ ಕೆರೆಯಲ್ಲಿ ಗುಂಡಿ ಎಲ್ಲಿದೆಯೋ ಮೇಲಿನಿಂದ ತಿಳಿಯುವುದಿಲ್ಲ. ಕೃಷಿಹೊಂಡವಂತೂ ಬೇಡವೇ ಬೇಡ. ಅದರ ಪ್ಲಾಸ್ಟಿಕ್ ಹಾಸು ಪಾಚಿ ಕಟ್ಟಿ ಜಾರುತ್ತದೆ, ಈಜು ಬಲ್ಲವರೂ ದಡ ಹತ್ತಲಾಗದೆ ಸೋಲುತ್ತಾರೆ.

ಕೊಳದಲ್ಲಿ ಲೈಫ್ ಜಾಕೆಟ್ ತೊಡಿಸಿ, ಎಲ್ಲ ಬಕಲ್ ಹಾಕಿ, ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಬಿಗಿ ಮಾಡಿ. ಆಮೇಲೆ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆಳೆಯಿರಿ. ಜಾಕೆಟ್ ಗಲ್ಲಕ್ಕೆ, ಕಿವಿಗೆ ಏರಿದರೆ ಅದು ಸಡಿಲ. ನೀರಿಗೆ ಬಿದ್ದಾಗ ಜಾಕೆಟ್ ತೇಲುತ್ತದೆ, ಮಗು ಒಳಗಿನಿಂದ ಜಾರುತ್ತದೆ. ಚಿಕ್ಕವರಿಗೆ ತೊಡೆಸಂದಿಯ ಪಟ್ಟಿ ಇರುವುದನ್ನೇ ಕೇಳಿ ಪಡೆಯಿರಿ. 'ಬೆಳೀತಾನೆ' ಅಂತ ದೊಡ್ಡ ಅಳತೆಯದನ್ನು ತೊಡಿಸುವ ಅಭ್ಯಾಸ ಯೂನಿಫಾರಂಗೆ ಸರಿ, ಜಾಕೆಟ್ಟಿಗಲ್ಲ.

ಆಮೇಲೆ ತೇಲುವ ಭಂಗಿ. ಅಂಗಾತ ಮಲಗಿ, ಕಾಲು ನೀರು ಹರಿಯುವ ಕಡೆಗೆ, ಕಾಲಿನ ಹೆಬ್ಬೆರಳು ನೀರಿನ ಮೇಲೆ ಕಾಣುವಂತೆ, ಮಂಡಿ ಸ್ವಲ್ಪ ಮಡಿಸಿ, ಕೈ ಅಗಲಿಸಿ. ಬಂಡೆ ಎದುರಾದರೆ ಪಾದ ತಾಗಬೇಕು, ತಲೆಯಲ್ಲ. ದಡದಿಂದ ಚೀಲದಲ್ಲಿ ತುಂಬಿಟ್ಟ ರಕ್ಷಣಾ ಹಗ್ಗ ಎಸೆದು ಹಿಡಿಸಿ ನೋಡಿ: ಹಿಡಿಯಬೇಕಾದದ್ದು ಚೀಲವನ್ನಲ್ಲ, ಹಗ್ಗವನ್ನು, ಎದೆಗೆ ಅವಚಿಕೊಂಡು ಅಂಗಾತ ಬರಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಎಳೆತ ಹೆಚ್ಚಾದಾಗ ಬಿಡಲು ಬರಬೇಕಲ್ಲ. ಅರ್ಧ ಗಂಟೆಯಂತೆ ನಾಲ್ಕೈದು ಸಲ ಮಾಡಿಸಿದರೆ ಮಕ್ಕಳಿಗೆ ಮೈಗೂಡುತ್ತದೆ. ದೊಡ್ಡವರೇ ನಾಚಿಕೆಪಟ್ಟು ಬದಿಯಲ್ಲಿ ಕೂರುವುದು. ಅವರನ್ನೂ ಇಳಿಸಿ.

ರಾಫ್ಟಿನ ಮೇಲೆ

ಸೀರೆ, ದುಪಟ್ಟಾ, ಲುಂಗಿ, ಜೀನ್ಸ್ ಯಾವುದೂ ಬೇಡ. ಬೇಗ ಒಣಗುವ ಪಾಲಿಯೆಸ್ಟರ್ ಟೀ ಶರ್ಟು, ಟ್ರ್ಯಾಕ್ ಪ್ಯಾಂಟು ಸಾಕು. ಬಳೆ, ಉಂಗುರ, ಸರ ಬಿಚ್ಚಿಡಿ. ತಾಳಿ ತೆಗೆಯಲು ಮನಸ್ಸಿಲ್ಲದಿದ್ದರೆ ಅದನ್ನು ಬಟ್ಟೆಯ ಒಳಗೆ ಪಿನ್ ಹಾಕಿ ಭದ್ರ ಮಾಡಿ, ಹಗ್ಗಕ್ಕೆ ಸಿಕ್ಕಬಾರದು. ಜಡೆ ಹೆಣೆದು ಜಾಕೆಟ್ಟಿನೊಳಗೆ ಸೇರಿಸಿ. ಹವಾಯಿ ಚಪ್ಪಲಿ ಮೊದಲ ಅಲೆಗೇ ಹೋಗುತ್ತದೆ. ಹಿಮ್ಮಡಿ ಪಟ್ಟಿಯ ಸ್ಯಾಂಡಲ್ ಇರಲಿ. ಕನ್ನಡಕಕ್ಕೆ ದಾರ ಕಟ್ಟಿ. ತಿಂಡಿ ಹಗುರವಾಗಿರಲಿ, ಎರಡು ಗಂಟೆ ಮೊದಲೇ ಮುಗಿಯಲಿ.

ಕೂರುವುದು ರಾಫ್ಟಿನ ಅಂಚಿನ ಟ್ಯೂಬಿನ ಮೇಲೆ, ಪಾದವನ್ನು ಅಡ್ಡ ಟ್ಯೂಬಿನ ಕೆಳಗೆ ತೂರಿಸಿ. ಪ್ಯಾಡಲ್‌ನ (ಹುಟ್ಟಿನ) ತುದಿಯಲ್ಲಿ ಟಿ ಆಕಾರದ ಹಿಡಿ ಇರುತ್ತದೆ. ಅದರ ಮೇಲಿಂದ ಒಂದು ಕೈ ಯಾವತ್ತೂ ತೆಗೆಯಬಾರದು, ಯಾಕೆಂದರೆ ರಾಫ್ಟಿನಲ್ಲಿ ಪಕ್ಕದವರ ಹಲ್ಲು ಮುರಿಯುವುದು ಬಂಡೆಯಿಂದಲ್ಲ, ಬಿಟ್ಟ ಹಿಡಿಯಿಂದ. ಗೈಡ್ 'ಫಾರ್ವರ್ಡ್' ಅಂದರೆ ಮುಂದಿನ ಇಬ್ಬರು ಹಾಕುವ ತಾಳಕ್ಕೆ ಉಳಿದವರು ಪ್ಯಾಡಲ್ ಹಾಕಬೇಕು. ಅಲೆ ಕಂಡಾಗ ಹೆದರಿ ಕೈ ನಿಲ್ಲಿಸುವುದು ಸಾಮಾನ್ಯ ತಪ್ಪು. ವೇಗ ಕಳೆದುಕೊಂಡ ರಾಫ್ಟ್ ಅಡ್ಡ ತಿರುಗುತ್ತದೆ, ಅಡ್ಡ ತಿರುಗಿದ್ದು ಮಗುಚುತ್ತದೆ. 'ಗೆಟ್ ಡೌನ್' ಅಂದರೆ ಒಳಗೆ ಕುಕ್ಕರಿಸಿ ಹಗ್ಗ ಹಿಡಿಯಿರಿ.

ಬಿದ್ದವರನ್ನು ಕೈಹಿಡಿದು ಎಳೆಯಬೇಡಿ. ಅವರ ಮುಖ ರಾಫ್ಟಿನ ಕಡೆ ತಿರುಗಿಸಿ, ಜಾಕೆಟ್ಟಿನ ಎರಡೂ ಭುಜದ ಪಟ್ಟಿ ಹಿಡಿದು, ಮಂಡಿ ಟ್ಯೂಬಿಗೆ ಒತ್ತಿ, ನೀವೇ ಹಿಂದಕ್ಕೆ ಬಿದ್ದರೆ ಅವರು ನಿಮ್ಮ ಮೇಲೆ ಬರುತ್ತಾರೆ. ಹದಿನಾಲ್ಕರ ಹುಡುಗಿಯೂ ಅಪ್ಪನನ್ನು ಹೀಗೆ ಎತ್ತಬಲ್ಲಳು. ರಾಫ್ಟಿನ ಅಡಿಗೆ ಸಿಕ್ಕರೆ ಕೈಯನ್ನು ತಳಕ್ಕೆ ಒತ್ತುತ್ತಾ ಒಂದೇ ದಿಕ್ಕಿಗೆ ಸರಿದು ಹೊರಬರಬೇಕು. ದಿಕ್ಕು ಬದಲಿಸಿದರೆ ಅಡಿಯಲ್ಲೇ ಸುತ್ತುತ್ತೀರಿ. ಮಗುವಿನ ತುಟಿ ನೀಲಿಯಾಗಿ ನಡುಕ ಹತ್ತಿದರೆ ಕೂಡಲೇ ಗೈಡ್‌ಗೆ ಹೇಳಿ ದಡಕ್ಕೆ ತರಿಸಿ, ಒಣಬಟ್ಟೆ ಹಾಕಿ.

ಟೆಂಟು

ಸುತ್ತಲಿನದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಕಂಡಲ್ಲಿ ಟೆಂಟ್ ಹೊಡೆಯುವಂತಿಲ್ಲ, ಅನುಮತಿ ಪಡೆದ ಕ್ಯಾಂಪಿನಲ್ಲೇ ಉಳಿಯಬೇಕು. ಅಲ್ಲೂ ಹೊಳೆಯಂಚಿನ ಜಾಗ ಆರಿಸಬೇಡಿ, ಅಣೆಕಟ್ಟೆಯಿಂದ ನೀರು ಬಿಟ್ಟಾಗ ಮಟ್ಟ ಏರುತ್ತದೆ. ದಾಂಡೇಲಿ ಸುತ್ತ ಕಾಳಿಯಲ್ಲಿ ಮೊಸಳೆಗಳಿವೆ. ಸಂಜೆ ಮಕ್ಕಳು ಕಾಲು ಇಳಿಬಿಟ್ಟು ಕೂರುವುದಾಗಲಿ, ಪಾತ್ರೆ ತೊಳೆಯಲು ಇಳಿಯುವುದಾಗಲಿ ಬೇಡ.

ನಾಲ್ಕು ಜನರ ಟೆಂಟು ಎಂದು ಬರೆದಿದ್ದರೆ ಚೀಲಗಳ ಸಮೇತ ಮೂವರಿಗೆ ಅಂತ ತಿಳಿಯಿರಿ. ಕೆಳಹಾಸು ಟೆಂಟಿನ ಅಂಚಿನಿಂದ ಹೊರಗೆ ಇಣುಕಬಾರದು, ಇಣುಕಿದರೆ ಮಳೆ ನೀರು ಅದರ ಮೇಲೆ ಬಿದ್ದು ಒಳಗಡೆಗೇ ಹರಿಯುತ್ತದೆ. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲುವಂತೆ ಹೊಡೆಯಿರಿ. ಗಾಳಿ ಕಿಟಕಿ ಪೂರ್ತಿ ಮುಚ್ಚಿದರೆ ಉಸಿರಿನ ತೇವವೇ ಬೆಳಿಗ್ಗೆ ಹನಿಯಾಗಿ ತೊಟ್ಟಿಕ್ಕುತ್ತದೆ. ತಿಂಡಿಯ ಡಬ್ಬಿಗಳು ರಾತ್ರಿ ಕಾರಿನಲ್ಲಿರಲಿ. ಬೆಂಕಿ ಬೇಡದ ಊಟ ಒಯ್ದರೆ ಹಾಯಾಗಿರಬಹುದು: ಬೆಲ್ಲ ಬೆರೆಸಿದ ರಾಗಿ ಹುರಿಹಿಟ್ಟು, ಅವಲಕ್ಕಿ, ಹುಚ್ಚೆಳ್ಳು ಚಟ್ನಿಪುಡಿ, ಹುರಿದ ಕಡಲೆಕಾಯಿ. ಕುಡಿಯುವ ನೀರು ತಲೆಗೆ ದಿನಕ್ಕೆ 3 ಲೀಟರ್.

ವಾಪಸು ಬಂದ ದಿನವೇ ಟೆಂಟನ್ನು ಬಿಡಿಸಿ ನೆರಳಲ್ಲಿ ಆರಹಾಕಿ, ಹೊಲಿಗೆಯ ಸಂದುಗಳು ಪೂರ್ತಿ ಒಣಗಿದ ಮೇಲೆ ಮಡಿಸಿ. ಒದ್ದೆಯಾಗಿಯೇ ಚೀಲದಲ್ಲಿ ಉಳಿದರೆ ಬೂಷ್ಟು ಹಿಡಿದು, ಮುಂದಿನ ಮಳೆಗೆ ಸೋರುವುದು ಖಂಡಿತ.