ಕಾಫಿ ಕಣದಲ್ಲಿ ರಬ್ಬರ್ ವಿಮಾನ

ಮೂಡಿಗೆರೆ ಸಮೀಪದ ಕಾಫಿ ತೋಟವೊಂದರಲ್ಲಿ ನಾನು ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತನಾಗಿ ಕೆಲಸ ಮಾಡುತ್ತೇನೆ. ಕಾಫಿ ಒಣಗಿಸುವ ನಮ್ಮ ಸಿಮೆಂಟ್ ಕಣವು ಕೊಯ್ಲಿನ ತಿಂಗಳುಗಳಲ್ಲಿ ಚೆರ್ರಿ (ಇಡೀ ಹಣ್ಣು), ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದ ಬೀಜ)ಗಳಿಂದ ತುಂಬಿರುತ್ತದೆ. ಮೂಟೆಗಳೆಲ್ಲ ಗೋದಾಮು ಸೇರಿದ ಮೇಲೆ, ಹೂಮಳೆಗೆ ಕಾಯುವ ದಿನಗಳಲ್ಲಿ, ಅಷ್ಟು ಸಮತಟ್ಟಾದ ಜಾಗ ಸಿಲ್ವರ್ ಓಕ್ ಮರಗಳ ಮರೆಯಲ್ಲಿ ಖಾಲಿ ಬಿದ್ದಿರುತ್ತದೆ. ರಬ್ಬರಿನ ಬಲದಿಂದ ಹಾರುವ, ಎರಡು ದಾರ ಹಿಡಿದು ನಮ್ಮ ಸುತ್ತಲೇ ತಿರುಗಿಸುತ್ತಾ ಏರಿಸಿ ಇಳಿಸಬಹುದಾದ ಪುಟ್ಟ ವಿಮಾನವನ್ನು ಹಾರಿಸಲು ನಾನು ಕಲಿತದ್ದು ಆ ಕಣದ ನಡುವೆ ನಿಂತು.

ಇದರಲ್ಲಿರುವ ಎರಡು ಉಪಾಯಗಳೂ ಹಳೆಯವೇ. ರಬ್ಬರನ್ನು ಹುರಿಗಟ್ಟಿಸಿ, ಅದು ಬಿಚ್ಚಿಕೊಳ್ಳುವ ಬಲದಿಂದ ಪ್ರೊಪೆಲ್ಲರ್ ತಿರುಗಿಸುವ ವಿಮಾನವನ್ನು ಫ್ರಾನ್ಸಿನ ಅಲ್ಫೋನ್ಸ್ ಪೆನೋ 1871ರಲ್ಲಿ ಪ್ಯಾರಿಸ್ಸಿನ ಟ್ವಿಲರಿ ಉದ್ಯಾನದಲ್ಲಿ 11 ಸೆಕೆಂಡುಗಳ ಕಾಲ ಹಾರಿಸಿ ತೋರಿಸಿದ್ದ. ಎರಡು ದಾರಗಳ ನಿಯಂತ್ರಣವನ್ನು 1940ರ ದಶಕದಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನ ಜಿಮ್ ವಾಕರ್ ಜನಪ್ರಿಯಗೊಳಿಸಿದ. ಆದರೆ ಇವೆರಡನ್ನೂ ಒಂದೇ ವಿಮಾನದಲ್ಲಿ ಕೂಡಿಸುವುದು ನಾನು ಭಾವಿಸಿದಷ್ಟು ಸುಲಭವಾಗಿರಲಿಲ್ಲ. ಎಂಜಿನ್ ಇರುವ ಮಾದರಿ ವಿಮಾನವು ಭಾರವಾಗಿಯೂ ವೇಗವಾಗಿಯೂ ಇರುವುದರಿಂದ ದಾರವನ್ನು ತಾನೇ ಬಿಗಿಯಾಗಿ ಎಳೆದುಕೊಳ್ಳುತ್ತದೆ. ನನ್ನದು 30 ಗ್ರಾಂ ತೂಕದ್ದು. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ, ಕೈಯ ಉದ್ದವೂ ಸೇರಿ 2 ಮೀಟರ್ ತ್ರಿಜ್ಯದಲ್ಲಿ ಸುತ್ತುವಾಗ ಅದು ದಾರವನ್ನು ಎಳೆಯುವ ಬಲ ಸುಮಾರು 24 ಗ್ರಾಂ ತೂಕದಷ್ಟು ಮಾತ್ರ. ದಾರವನ್ನು ಉದ್ದ ಮಾಡಿ ತ್ರಿಜ್ಯವನ್ನು 4 ಮೀಟರಿಗೆ ಏರಿಸಿದರೆ ಅದೂ ಅರ್ಧಕ್ಕೆ ಇಳಿಯುತ್ತದೆ. ಈ ಲೆಕ್ಕ ಗೊತ್ತಿಲ್ಲದೆ ನಾನು ಮೊದಲು ಉದ್ದನೆಯ ಗಾಳದ ನೈಲಾನ್ ದಾರ ಕಟ್ಟಿದ್ದೆ. ಅದು ಸುರುಳಿಯ ಬಾಗನ್ನು ಬಿಡದೆ ಸ್ಪ್ರಿಂಗಿನಂತೆ ಜೋತುಬಿದ್ದಿತ್ತು. ವಿಮಾನ ತನ್ನ ಪಾಡಿಗೆ ಹೋಗಿ ಕಣದ ಅಂಚಿನ ಕಟ್ಟೆಗೆ ಬಡಿಯಿತು. ಈಗ ಬಳಸುವುದು ದರ್ಜಿಗಳು ಬಳಸುವ ಪಾಲಿಯೆಸ್ಟರ್ ನೂಲು, ಒಂದೂವರೆ ಮೀಟರ್ ಉದ್ದದ್ದು. ಹಿಡಿಕೆಗೆ ಐಸ್‌ಕ್ರೀಮ್ ಕಡ್ಡಿ ಸಾಕು.

ವಿಮಾನದ ಒಡಲು ಬಾಲ್ಸಾ ಎಂಬ ಬಹಳ ಹಗುರವಾದ ಮರದ 40 ಸೆಂಟಿಮೀಟರಿನ ಕಡ್ಡಿ. ರೆಕ್ಕೆ ತೆಳುವಾದ ಬಾಲ್ಸಾ ಹಲಗೆಯದು, 45 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲ. ಬಿಡಿಯಾಗಿ ಹಾರುವ ಮಾದರಿಗಳಲ್ಲಿ ರೆಕ್ಕೆಯ ತುದಿಗಳನ್ನು ಮೇಲಕ್ಕೆತ್ತುತ್ತಾರೆ. ಇಲ್ಲಿ ದಾರವೇ ರೆಕ್ಕೆಯನ್ನು ಹಿಡಿದಿಡುವುದರಿಂದ ಅದು ನೆಟ್ಟಗಿದ್ದರೆ ಸಾಕು. ದಾರದ ಎಳೆತವನ್ನು ಬಾಲಕ್ಕೆ ಒಯ್ಯುವ ತ್ರಿಕೋನದ ಬೆಲ್‌ಕ್ರ್ಯಾಂಕನ್ನು ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಕತ್ತರಿಸಿದೆ. ಅದರಿಂದ ಬಾಲದವರೆಗಿನ ಕಡ್ಡಿ ತೆಂಗಿನ ಗರಿಯ ಪೊರಕೆಯಿಂದ ಕಿತ್ತದ್ದು. ಅಷ್ಟು ಹಗುರವಾಗಿಯೂ ನೆಟ್ಟಗೂ ಇರುವ ಬೇರೊಂದು ವಸ್ತು ನನಗೆ ಸಿಕ್ಕಿಲ್ಲ.

ಹೆಚ್ಚು ದಿನ ಹಿಡಿದದ್ದು ಎಲಿವೇಟರಿನ, ಅಂದರೆ ಬಾಲದಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಯ, ಕೀಲು. 24 ಗ್ರಾಂ ಎಳೆತ ಎರಡು ದಾರಗಳಿಗೆ ಹಂಚಿಹೋದರೆ ಒಂದೊಂದಕ್ಕೆ ಉಳಿಯುವುದು 12 ಗ್ರಾಂ. ಅಷ್ಟರಲ್ಲಿ ಕೀಲು ಆಡಬೇಕು. ಮೊದಲು ಅಂಟಿಸಿದ್ದ ಸೆಲ್ಲೋಟೇಪ್ ನೋಡಲು ಅಂದವಾಗಿತ್ತಾದರೂ, ಪಟ್ಟಿಯನ್ನು ಮೇಲೆತ್ತಿ ಬಿಟ್ಟರೆ ಅಲ್ಲಿಯೇ ನಿಂತುಬಿಡುತ್ತಿತ್ತು. ಕೊನೆಗೆ ಟೇಪನ್ನು ಕಿತ್ತು, ಸೂಜಿಯಲ್ಲಿ ತೂತು ಹಾಕಿ, ಇಂಗ್ಲಿಷಿನ ಎಂಟರ ಆಕಾರದಲ್ಲಿ ನೂಲಿನಿಂದ ನಾಲ್ಕು ಕಡೆ ಸಡಿಲವಾಗಿ ಹೊಲಿದೆ. ಕಡ್ಡಿ ಸಿಕ್ಕಿಸುವ ಮೊದಲು ಬಾಲವನ್ನು ಅಡ್ಡಲಾಗಿ ಹಿಡಿದಾಗ ಪಟ್ಟಿ ತನ್ನ ತೂಕಕ್ಕೇ ಕೆಳಗೆ ಜೋಲಬೇಕು. ಜೋಲದಿದ್ದರೆ ನಾನು ಹಾರಿಸಲು ಹೋಗುವುದಿಲ್ಲ.

ರಬ್ಬರಿಗೆ ಮೊದಲು ಸೈಕಲ್ ಟ್ಯೂಬನ್ನು ಸೀಳಿ ನೋಡಿದೆ. ತೂಕ ಬಹಳ, ಚುರುಕು ಕಡಿಮೆ. ಬಳಿಕ ಬೆಂಗಳೂರಿನಿಂದ ತರಿಸಿದ 3 ಮಿಲಿಮೀಟರ್ ಅಗಲದ ಪಟ್ಟಿಯನ್ನು ನಾಲ್ಕು ಎಳೆಯಾಗಿ ಹಾಕಿದೆ. ಎಳೆಗಳು ಒಂದಕ್ಕೊಂದು ಉಜ್ಜದಿರಲೆಂದು ಹೊಲಿಗೆ ಯಂತ್ರದ ಎಣ್ಣೆ ಸವರಿದ್ದು ನನ್ನದೇ ದಡ್ಡತನ. ಖನಿಜ ತೈಲ ತಾಗಿದರೆ ರಬ್ಬರು ಊದಿಕೊಂಡು ಮೆತ್ತಗಾಗುತ್ತದೆ. ವಾರದೊಳಗೆ ಅದು ಕೈಯಲ್ಲೇ ತುಂಡಾಯಿತು. ಈಗ ಹರಳೆಣ್ಣೆಯನ್ನು ಎರಡು ಹನಿ ಅಂಗೈಗೆ ಹಾಕಿಕೊಂಡು ಸವರುತ್ತೇನೆ. ಹುರಿ ಕೊಡಲು ಕೈ ಡ್ರಿಲ್ಲು ಇದೆ, ಹಿಡಿಯ ಒಂದು ಸುತ್ತಿಗೆ ಕೊಕ್ಕೆ ನಾಲ್ಕು ಸುತ್ತು ತಿರುಗುತ್ತದೆ. ಅಕ್ಕನ ಮಗ ವಿಮಾನವನ್ನು ಹಿಡಿದಿರುತ್ತಾನೆ, ನಾನು ರಬ್ಬರನ್ನು ನಾಲ್ಕು ಪಟ್ಟು ಎಳೆದು ಅರ್ಧ ಹುರಿಯನ್ನು ಅಲ್ಲಿಯೇ ಕೊಟ್ಟು, ಉಳಿದದ್ದನ್ನು ಹೆಜ್ಜೆ ಹೆಜ್ಜೆಯಾಗಿ ಮುಂದೆ ಬರುತ್ತಾ ಕೊಡುತ್ತೇನೆ. ಒಟ್ಟು 300 ಸುತ್ತು.

ಇಷ್ಟಾದರೂ ಕೈಬಿಟ್ಟ ಕ್ಷಣದಲ್ಲಿಯೇ ವಿಮಾನ ಒಳಕ್ಕೆ ವಾಲಿ, ದಾರ ಸಡಿಲವಾಗಿ ನನ್ನ ಕಾಲ ಬಳಿ ಬೀಳುತ್ತಿತ್ತು. ಕಣ ಗುಡಿಸಲು ಬರುತ್ತಿದ್ದ ಹಿರಿಯರೊಬ್ಬರು ಎರಡು ದಿನ ನೋಡಿ, “ಅಲ್ಲ ರೈಟ್ರೇ, ಅಪ್ರದಕ್ಷಿಣೆ ಹಾಕುಸ್ತಿದ್ರೆ ಬೀಳ್ದೆ ಇನ್ನೇನಾಗುತ್ತೆ?” ಎಂದರು. ಅವರು ತಮಾಷೆಗೆ ಹೇಳಿದ್ದೇ ನಿಜವಾಗಿತ್ತು. ದಾರದ ವಿಮಾನಗಳನ್ನು ಸಾಮಾನ್ಯವಾಗಿ ಎಡರೆಕ್ಕೆ ಒಳಗಿರುವಂತೆ ಅಪ್ರದಕ್ಷಿಣವಾಗಿ ಹಾರಿಸುವುದು ರೂಢಿ, ನಾನೂ ಹಾಗೆಯೇ ಕಟ್ಟಿದ್ದೆ. ಹಿಂದಿನಿಂದ ನೋಡಿದಾಗ ಪ್ರೊಪೆಲ್ಲರ್ ಬಲಕ್ಕೆ ತಿರುಗಿದರೆ ಒಡಲು ಎಡಕ್ಕೆ ವಾಲಲು ಹವಣಿಸುತ್ತದೆ, ಅಂದರೆ ನನ್ನ ಕಡೆಗೇ. ರಬ್ಬರಿನ ತಿರುಚುಬಲವಂತೂ ಮೊದಲ ಕೆಲವು ಸೆಕೆಂಡುಗಳಲ್ಲಿ ಅತ್ಯಂತ ಹೆಚ್ಚಾಗಿರುತ್ತದೆ. ಬೆಲ್‌ಕ್ರ್ಯಾಂಕನ್ನೂ ದಾರಗಳನ್ನೂ ಬಲರೆಕ್ಕೆಗೆ ಬದಲಿಸಿ ಪ್ರದಕ್ಷಿಣವಾಗಿ ಬಿಟ್ಟಾಗ ಅದೇ ಬಲ ವಿಮಾನವನ್ನು ಹೊರಕ್ಕೆ ವಾಲಿಸಿ ದಾರವನ್ನು ಬಿಗಿಮಾಡಿತು. ಹುರಿ ಕಳೆದಂತೆ ಈ ಸಹಾಯವೂ ಕಳೆಯುವುದರಿಂದ ಹೊರರೆಕ್ಕೆಯ ತುದಿಗೆ 2 ಗ್ರಾಂ ಜೇಡಿಮಣ್ಣು ಮೆತ್ತಿದೆ, ಬಾಲದ ನಿಂತ ಪಟ್ಟಿಯನ್ನು ತುಸು ಹೊರಕ್ಕೆ ಬಾಗಿಸಿದೆ.

ಮರುದಿನ ಬೆಳಿಗ್ಗೆ ಏಳು ಗಂಟೆಗೆ, ಎಲೆ ಅಲುಗದ ಹೊತ್ತಿನಲ್ಲಿ ಹುಡುಗ, “ಬಿಡ್ಲಾ ಮಾವ?” ಎಂದು ಕೇಳಿ, ಎಸೆಯದೆ ಮೆಲ್ಲಗೆ ಕೈಬಿಟ್ಟ. ಸುತ್ತಿಗೆ ಮೂರು ಸೆಕೆಂಡಿನಂತೆ ನಾಲ್ಕೂವರೆ ಸುತ್ತು ಬಂತು. ಮೊಣಕೈ ಸ್ವಲ್ಪ ಆಡಿಸಿದರೆ ಎದೆಯ ಮಟ್ಟದಿಂದ ತಲೆಯ ಮಟ್ಟಕ್ಕೆ ಏರುತ್ತಿತ್ತು. ಕೊನೆಯ ಸುತ್ತಿನಲ್ಲಿ ಎಳೆತ ಕುಂದಿದ್ದು ಬೆರಳಿಗೆ ತಿಳಿದು, ಎರಡು ಹೆಜ್ಜೆ ಹಿಂದೆ ಸರಿದೆ; ದಾರ ಮತ್ತೆ ಬಿಗಿಯಾಯಿತು, ವಿಮಾನ ಹೊಟ್ಟೆಯ ಮೇಲೆ ಸಿಮೆಂಟಿಗೆ ಉಜ್ಜಿಕೊಂಡು ನಿಂತಿತು. ಪೆನೋನ 11 ಸೆಕೆಂಡನ್ನು ಎರಡೂವರೆ ಸೆಕೆಂಡಿನಿಂದ ಮೀರಿಸಿದೆನೆಂದು ಹುಡುಗನ ಮುಂದೆ ಕೊಚ್ಚಿಕೊಂಡೆ. ಪೆನೋ ಯಾರೆಂದು ಅವನು ಕೇಳಲಿಲ್ಲ, ಡ್ರಿಲ್ಲು ತನಗೆ ಕೊಡಬೇಕೆಂದ.

ಮಳೆಗಾಲ ಹಿಡಿದ ಮೇಲೆ ಕಣ ಪಾಚಿಗಟ್ಟುತ್ತದೆ. ರಬ್ಬರನ್ನು ಸೋಪಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಆರಿಸಿ, ಟಾಲ್ಕಂ ಪೌಡರ್ ಹಚ್ಚಿ ಬಿಸ್ಕತ್ತಿನ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ. ಗೋದಾಮು ಖಾಲಿಯಿರುವ ಭಾನುವಾರಗಳಲ್ಲಿ ದಾರವನ್ನು ಒಂದು ಮೀಟರಿಗೆ ಇಳಿಸಿ ಒಳಗೇ ಹಾರಿಸುವುದುಂಟು. ಸುತ್ತು ಚಿಕ್ಕದಾದಷ್ಟೂ ದಾರ ಬಿಗಿಯಾಗಿರುತ್ತದೆ, ತಲೆ ಮಾತ್ರ ಬೇಗ ತಿರುಗುತ್ತದೆ.